ಕಲ್ಬೆನ್ನನ ಬೇಟೆಗೆ ಬಂದ ಹೊಸಬನಿಗೆ

ಮೊದಲು ಉಣ್ಣು.
ಎಲ್ಲರೂ ಹೇಳುವ, ಯಾರೂ ಕೇಳದ ಮಾತು ಇದು.
ಶಿಬಿರದ ಹಂಡೆಯ ಸಾರು ಕುಡಿಯದೆ ಹೊರಟವನನ್ನು
ಮೊದಲ ಬಾಲದೇಟಿಗೇ ಹೊತ್ತು ತರುತ್ತಾರೆ.
ನನ್ನನ್ನೂ ತಂದಿದ್ದಾರೆ, ಒಂದೇ ರಾತ್ರಿ ಒಂಬತ್ತು ಸಲ.

ಚಿನ್ನದ ಕವಚಕ್ಕೆ ಕಾಸು ಸುರಿದು
ಕತ್ತಿ ಮಸೆಯದೆ ಬರುವವರಿದ್ದಾರೆ:
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.
ಅವನು ನೋಡುತ್ತಿರುವಾಗ ಮಸೆಯಬೇಡ.
ಬೆನ್ನು ತಿರುಗಿಸಿದಾಗಲೂ ಬೇಡ,
ಬೆನ್ನಿಗೂ ಅವನಿಗೆ ಕಣ್ಣಿದೆ ಅನ್ನಿಸುತ್ತದೆ ನನಗೆ.

ನಾನು ತೊಕಿಹಿಸಾ. ಆಟದೊಳಗೆ ಉಪ್ಪುಗಡ್ಡೆ.
ಕುಶಿರೊ ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ರಾತ್ರಿಪಾಳಿ.
ಸಾಂಮಾ ಮೀನಿನ ದೋಣಿಗಳು ಹೊರಡುವ ಮುನ್ನ
ಎರಡರಿಂದ ಮೂರು ಗಂಟೆಯವರೆಗೆ ಬಿಡುವು.
ಕೈಗವಸು ಕಳಚಿ, ಹೆಬ್ಬೆರಳುಗಳನ್ನು ಕಂಕುಳಲ್ಲಿ ಬೆಚ್ಚಗಾಗಿಸಿ
ಬೇಟೆಗೆ ಕೂರುತ್ತೇನೆ.
ಹೊರಗೆ ಮಂಜು ಎಷ್ಟೆಂದರೆ
ಸೇತುವೆಯ ದೀಪಗಳಿಗೆ ತಾವೆಲ್ಲಿದ್ದೇವೆಂದು ತಿಳಿಯದು.

ನಮ್ಮ ತಂಡದಲ್ಲಿ ರೆಂಜಿಗೆ ಹದಿನೈದು.
ಯುದ್ಧದ ನಡುವೆ ಅವನು ಕಲ್ಲಾಗಿ ನಿಂತುಬಿಟ್ಟರೆ ಬೈಯಬೇಡ,
ಅವನಮ್ಮ ನೀರು ಕುಡಿಯಲು ಎದ್ದಿದ್ದಾಳೆ.
ಸುತ್ತ ನಿಂತು ಕಾಯಿ ಅವನನ್ನು,
ಹೊದಿಕೆಯೊಳಗಿನ ಬೆಳಕು ಮತ್ತೆ ಹೊತ್ತುವ ತನಕ.
ಮೊರಿಹಿಕೊ ಟ್ಯಾಕ್ಸಿಯವನು. ಗಿರಾಕಿ ಸಿಕ್ಕರೆ
ಎಳೆದ ಬಿಲ್ಲನ್ನು ಹಾಗೇ ಬಿಟ್ಟು ಮಾಯ.

ಇನ್ನು ಚಿಗುಸಾ.
ಬೆಟ್ಸುಕಾಯ್ ಕಡೆಯ ಹಾಲಿನ ಹಟ್ಟಿಗಳಿಗೆ ಅವಳೇ ವೈದ್ಯೆ,
ಮೊಣಕೈ ತನಕ ಹಸುವಿನೊಳಗೆ ಕೈ ಇಟ್ಟು ಬದುಕುವವಳು.
ಮೂರು ವಾರ ಅವಳು ಹೊಡೆಯಲೇ ಇಲ್ಲ,
ಗುರಾಣಿ ಹಿಡಿದು ಸುತ್ತುತ್ತಿದ್ದಳು, ಅಷ್ಟೇ.
ಆಮೇಲೆ ಒಂದು ಸಾಲು ಬರೆದಳು:
'ಎಡ ಹಿಂಗಾಲು ನೋಡಿ. ಗೊರಸಿನಲ್ಲಿ ಕೀವು ಕಟ್ಟಿದ ಹಸು
ಹೀಗೇ ಭಾರ ಬದಲಿಸುತ್ತದೆ.'
ನಕ್ಕೆವು. ಆಮೇಲೆ ನೋಡಿದೆವು.
ಹೌದು, ಘರ್ಜಿಸುವ ಮುನ್ನ ಒಂದು ಗಳಿಗೆ
ಆ ಕಾಲು ನೆಲ ಮುಟ್ಟಲು ಹಿಂಜರಿಯುತ್ತದೆ.
ಇದನ್ನು ಬರೆದ ಚಿತ್ರಗಾರ ಯಾವನೋ
ಎಂದೋ ಒಂದು ಹಟ್ಟಿಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿರಬೇಕು.

ಅಲ್ಲೇ ಹೊಡೆ. ಬೀಳುತ್ತಾನೆ.
ಗುಟ್ಟು ಇಷ್ಟೇ. ಆ ವಾರ ನಲವತ್ತು ಸಲ ಬೀಳಿಸಿದೆವು.

ನಲವತ್ತೊಂದನೆಯ ಸಲ ಕುಂಟುತ್ತಾ ಗುಹೆಗೆ ಹೋದ.
ಹಿಂದೆ ಹೋದೆವು. ಮಲಗಿದ್ದ.
ಮಲಗಿದವನಿಗೆ ಕೊಟ್ಟ ಮೊದಲ ಪೆಟ್ಟು ಮೂರು ಪಟ್ಟು, ಅದು ನಿನಗೂ ಗೊತ್ತು.
ಚಿಗುಸಾ ಗುರಾಣಿ ಇಳಿಸಿ ಅವನ ಪಕ್ಕೆಯ ಬಳಿ ನಿಂತಳು.
'ಉಸಿರು ಎಣಿಸುತ್ತಿದ್ದೇನೆ' ಎಂದಳು.
ನಾವೂ ಎಣಿಸಿದೆವು ಅಂತ ಕಾಣುತ್ತದೆ.
ಕಲ್ಲು ಏರುತ್ತಿತ್ತು, ಇಳಿಯುತ್ತಿತ್ತು.
ನನ್ನ ಬೆನ್ನ ಹಿಂದೆ ಮಂಜುಗಡ್ಡೆಯ ಯಂತ್ರ ಕಡಕಡ ಅಗಿಯುತ್ತಿತ್ತು.
ಗಡುವು ಮುಗಿಯಿತು. ಪರದೆಯ ಮೇಲೆ ಕೆಂಪಕ್ಷರ: ಬೇಟೆ ವಿಫಲ.
ಕಾಸಿಲ್ಲ, ಕೊಂಬಿಲ್ಲ.

ರೆಂಜಿ ಕೆಂಡವಾದ.
ಅವನ ಶಿರಸ್ತ್ರಾಣಕ್ಕೆ ಇನ್ನೊಂದೇ ಕೊಂಬು ಬೇಕಿತ್ತು.
ಮರುರಾತ್ರಿ ಹೋಗಿ ಕೊಂದೆವು. ಚಿಗುಸಾಳೂ ಬಂದಳು,
ಎಡ ಹಿಂಗಾಲಿಗೆ ಎಲ್ಲರಿಗಿಂತ ಚೆನ್ನಾಗಿ ಹೊಡೆದಳು.
ಇದರ ಅರ್ಥ ಏನೆಂದು ನನ್ನನ್ನು ಕೇಳಬೇಡ,
ನಾನು ಮಂಜುಗಡ್ಡೆ ಒಡೆಯುವವನು.

ಇವತ್ತು ಅವಳು ತಡ.
ಒಂದು ಕೈಯಲ್ಲಿ ಒತ್ತಿದ ಅಕ್ಷರಗಳು ಈಗಷ್ಟೇ ಬಂದವು:
'ಕರು ಅಡ್ಡ ಇದೆ. ನೀವು ಶುರುಮಾಡಿ.'
ಶುರುಮಾಡಿಲ್ಲ. ಹಂಡೆಯ ಸುತ್ತ ಕೂತಿದ್ದೇವೆ.
ನೀನೂ ಕೂರು.
ಈ ಸಾರು ಆರುವುದಿಲ್ಲ, ಅದೊಂದು ಅನುಕೂಲ.