ಅಡಿಟಿಪ್ಪಣಿ ಹದಿನೇಳು

ವಿರಾಜಪೇಟೆಯ ವಕೀಲರು ಸಿದ್ದಾಪುರದ ಬಸ್ಸಿನ
ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದ್ದಾರೆ:
ಕಾರ್ಮಿಕ ಕಾನೂನಿನ ತ್ರೈಮಾಸಿಕ, ಇಂಗ್ಲಿಷಿನದು,
ಬೂದು ರಟ್ಟು, ಒಂದೂ ಚಿತ್ರವಿಲ್ಲ.
ನೂರ ನಾಲ್ಕನೇ ಪುಟಕ್ಕೆ ಚೀಟಿಯ ಗುರುತು:
'ನಿಮ್ಮ ಪುಸ್ತಕದ ಮಾತು ಬಂದಿದೆ, ನೋಡಿ.'

ನನ್ನ ಪುಸ್ತಕ ಅಂದರೆ ಹಾಜರಿ ಪುಸ್ತಕ.
ಮೂವತ್ತೊಂದು ವರ್ಷ ಎಸ್ಟೇಟಿನ ರೈಟರ್ ನಾನು.
ಏಳೂವರೆಗೆ ಹೆಸರು ಕೂಗಿ
ಬಂದವರಿಗೆ ಗೀಟು, ಬಾರದವರಿಗೆ 'ಗೈ'.
ಗೈರುಹಾಜರಿ ಎಂದು ಪೂರ್ತಿ ಬರೆಯಲು
ಚೌಕದಲ್ಲಿ ಜಾಗವಿರಲಿಲ್ಲ.

ಆ ವರ್ಷ, ಹಲಸು ಹಣ್ಣಾಗುವಾಗ,
ಹನ್ನೊಂದು ದಿನ ಆನೆ ತೋಟ ಬಿಟ್ಟು ಕದಲಲಿಲ್ಲ.
ಅರಣ್ಯದವರು ಜೀಪಿನಲ್ಲಿ ಬಂದು ಗೇಟು ಹಾಕಿಸಿದರು.
ಹೆಂಗಸರು ಹೊರಗೆ ಬುತ್ತಿ, ಕಸಿಕತ್ತಿ ಹಿಡಿದು ನಿಂತು
ಹನ್ನೆರಡಕ್ಕೆ ಲೈನ್ ಮನೆಗೆ ಮರಳಿದರು.
ಬಂದಿದ್ದರು; ಒಳಗೆ ಬಂದಿರಲಿಲ್ಲ.
ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ
(ಎಷ್ಟು ಹೊತ್ತೆಂದು ಮೈಸೂರಿನ ಕೋರ್ಟೂ ಕೇಳಲಿಲ್ಲ)
ಆಮೇಲೆ ಗೈ. ಮರುದಿನವೂ ಗೈ.

ಗೀಟು ಇನ್ನೂರ ಇಪ್ಪತ್ತೊಂಬತ್ತು.
ಇನ್ನೂರ ನಲವತ್ತಾದರೆ ಸುಮ್ಮನೆ ಕೆಲಸದಿಂದ ತೆಗೆಯುವಂತಿಲ್ಲ.
ನನಗೆ ಕೂಡಿಸಲು ಬರುತ್ತಿತ್ತು.

ಈಗ ಯಾರೋ ಪ್ರೊಫೆಸರಮ್ಮ ಇಪ್ಪತ್ತೆರಡು ಪುಟ ಬರೆದಿದ್ದಾರೆ:
'ಪಣಿಎರವರ ಬೊಳ್ಳಚ್ಚಿ ಮತ್ತು ಇತರ ಹದಿಮೂವರು';
ಆನೆ ನಿಂತ ದಿನ ಆಳಿನ ತಪ್ಪೇ, ಅಲ್ಲವೇ;
ಒಂಬತ್ತು ವರ್ಷಕ್ಕೆ ಬಂದ ತೀರ್ಪು ಸರಿಯೇ, ಹೌದೇ.
ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಹದಿನೇಳು:
'ಈ ದಿನಗಳೆದುರು "ಗೈ" ಎಂದಿದೆ.
ಬರೆದವರ ಉದ್ದೇಶ ತಿಳಿದುಬಂದಿಲ್ಲ.'

ಲೈನಿಗೆ ಹೋದೆ. ಬೊಳ್ಳಚ್ಚಿ ಟಾರ್ಪಾಲಿನ ಮೇಲೆ
ಮೆಣಸು ಹರವುತ್ತಿದ್ದಳು. ಕೈ ಒರೆಸಿಕೊಂಡು ಕೂತಳು.
ಓದಿ, ನಿಲ್ಲಿಸಿ, ಕನ್ನಡದಲ್ಲಿ ಹೇಳಿದೆ, ಒಂದೊಂದಾಗಿ.
ಹದಿನೇಳನ್ನೂ ಓದಿದೆ, ಮೊದಲ ವಾಕ್ಯದವರೆಗೆ.

'ಆನೆ ಯಾವುದು ಅಂತ ಬರೆದಿದ್ದಾರಾ?'
'ಇಲ್ಲ. ಕಾಡುಪ್ರಾಣಿ ಅಂತಿದೆ.'
'ಎಡಗೊಂಬು ಮುರುಕಿನದು. ಬಾಲದಲ್ಲಿ ಕೂದಲಿರಲಿಲ್ಲ.
ಬರ್ಕೊಳ್ಳಿ ರೈಟ್ರೇ.'

ಬರೆದೆ. ಈ ಪುಸ್ತಕದ ಅಂಚಿನಲ್ಲಿ
ಜಾಗ ಧಾರಾಳವಾಗಿತ್ತು.

ಅವಳು ಎದ್ದು ಹೋಗಲಿಲ್ಲ.
ಮೆಣಸಿನ ವಾಸನೆಯ ಬೆರಳು
ಪುಟದ ಕೊನೆಗಿಳಿದು ನಿಂತಿತು:
'ಇಲ್ಲಿ ಇನ್ನೊಂದು ಸಾಲು ಇದೆಯಲ್ಲ.'