ಏಳನೆಯವನ ಜಾಗ

ಶಿಡ್ಲಘಟ್ಟದ ನಾಟಕ ಸಂಘಕ್ಕೆ ಬೆಳ್ಳಿಹಬ್ಬ.
ಅಚ್ಚು ಹಾಕಿಸಲು ದುಡ್ಡಿಲ್ಲ, ಸೈಕ್ಲೋಸ್ಟೈಲ್ ಸಂಚಿಕೆ,
ಕೊನೆಗೆ ಒಂದು ಪುಟ ಖಾಲಿ ಉಳಿಯಿತು.
"ಏನಾದ್ರೂ ತುಂಬ್ಸಿ ಮೇಷ್ಟ್ರೇ" ಅಂದ ಗಂಗುಲಪ್ಪ.
ನಾನು ಮೇಷ್ಟ್ರಲ್ಲ, ಟೈಪಿಂಗ್ ಕಲಿಸುವವನು.
ಕರೆಂಟು ಹೋದ ರಾತ್ರಿ, ಸೀಮೆಎಣ್ಣೆ ದೀಪದ ಬುಡದಲ್ಲಿ,
ನಡಾವಳಿಯ ಧಾಟಿಯಲ್ಲಿ ಒಂದು ಕಥೆ ಹೊಡೆದೆ:

ಗೂಡಿನ ಮಾರುಕಟ್ಟೆಯ ಮಾಳಿಗೆ. ಅಮಾವಾಸ್ಯೆ. ಹಾಜರಿದ್ದವರು ಏಳು ಜನ.
ಠರಾವು ಒಂದು: ತೂಕದ ಕಲ್ಲು ವರ್ಷಕ್ಕೊಂದು ಗುಲಗಂಜಿಯಷ್ಟು
ದಪ್ಪವಾಗತಕ್ಕದ್ದು.
ಠರಾವು ಎರಡು: ಹನ್ನೆರಡು ವರ್ಷದೊಳಗೆ ಈ ಊರಿನ ಅಷ್ಟೂ ಎಳೆಗಳ ತುದಿ
ನಮ್ಮ ಮುಷ್ಟಿಯಲ್ಲಿರತಕ್ಕದ್ದು.
ಠರಾವು ಮೂರು: ಕಾಫಿಗೆ ಸಕ್ಕರೆ ಕಡಿಮೆಯಾಗಿರುವುದನ್ನು ಸಭೆ ಖಂಡಿಸುತ್ತದೆ.

ಆರು ಜನಕ್ಕೆ ಊರಲ್ಲಿ ಯಾರಿಗೂ ಇರದ ಹೆಸರಿಟ್ಟೆ.
ಏಳನೆಯವನಿಗೆ ಬರೀ ಚುಕ್ಕಿ.
ಕಥೆಗೂ ಒಂದು ಗವಾಕ್ಷಿ ಬೇಕಲ್ಲ,
ಗಾಳಿ ಆಡಲಿ ಅಂತ.

ನಕ್ಕವರು ಇಬ್ಬರೇ. ಒಬ್ಬ ಗಂಗುಲಪ್ಪ,
ಇನ್ನೊಬ್ಬಳು ಲಲಿತಾಂಬ, ನನ್ನ ಹೆಂಡತಿ,
ಅದೂ ಸಕ್ಕರೆ ಬಂದಲ್ಲಿ ಮಾತ್ರ.
ಮಿಕ್ಕ ಪ್ರತಿಗಳು ಕಡಲೆಕಾಯಿ ಪೊಟ್ಟಣವಾದವು.

ಮೂವತ್ತೊಂದು ವರ್ಷ ಕಳೆದು,
ನಗರಸಭೆ ಚುನಾವಣೆಗೆ ಹದಿನೈದು ದಿನ ಇರುವಾಗ,
ಕ್ಷೌರದಂಗಡಿಯ ಕನ್ನಡಿಗೆ ಸಿಕ್ಕಿಸಿದ ಜೆರಾಕ್ಸಿನಿಂದ
ನನ್ನದೇ ವಾಕ್ಯ ನನ್ನನ್ನು ನೋಡಿತು.
'ಕಥೆ' ಎಂದಿದ್ದ ಮೇಲಂಚು ಇಲ್ಲ.
ನನ್ನ ಹೆಸರಿದ್ದ ಕೆಳಗಿನಂಚೂ ಇಲ್ಲ, ಅದರ ಜೊತೆಗೇ
ಸಕ್ಕರೆಯೂ ಹೋಗಿತ್ತು.

ತೆಳು ಕಾಗದ, ಹಿಂಬದಿಯ ಜಾಹೀರಾತು ತಿರುಗುಮುರುಗಾಗಿ
ಈಚೆಗೆ ಮಸುಕಾಗಿ ಮೂಡಿತ್ತು.
"ಗುಪ್ತ ಲಿಪಿ ಸಾರ್" ಎಂದು ಕನ್ನಡಿಗೆ ಹಿಡಿದ:
...ಬಾಡಿಗೆಗೆ ಸಿಗುತ್ತವೆ, ವಿಚಾರಿಸಿ.
"ನೋಡಿ! ಇಡೀ ಊರನ್ನೇ ಬಾಡಿಗೆಗೆ ಬಿಟ್ಟವ್ರೆ."
ಹುಳು ಹಣ್ಣಾದಾಗ ಬಿಡುವ ಬಿದಿರಿನ ಚಂದ್ರಿಕೆ ಮಾರಾಯ, ಅಂದೆ.
ಅವನು ಕತ್ತಿ ಮಸೆಯುತ್ತ ನನ್ನನ್ನೇ ನೋಡಿದ,
ಗಡ್ಡದ ಅರ್ಧ ಇನ್ನೂ ಬಾಕಿಯಿತ್ತು.

ಚುಕ್ಕಿಗಳ ಮೇಲೆ ಪೆನ್ನಿನಲ್ಲಿ ಹೆಸರು ಬಿದ್ದಿತ್ತು.
ಇಲ್ಲಿ ಒಬ್ಬ ದಲ್ಲಾಳಿ, ಬಸ್‌ಸ್ಟ್ಯಾಂಡಿನ ಪ್ರತಿಯಲ್ಲಿ
ನೂಲು ತೆಗೆಸುವ ಬಾಬಾಜಾನ್,
ಬಾಬಾಜಾನನ ಓಣಿಯಲ್ಲಿ ಮತ್ತ್ಯಾರೋ.
ಯಾರಿಗೆ ಯಾರ ಮೇಲೆ ಕಣ್ಣೋ ಅವರು ಅಲ್ಲಿ ಕೂತರು.
ನಾನು ಕಥೆ ಬರೆದಾಗ ಬಾಬಾಜಾನ್ ನಾಲ್ಕು ವರ್ಷದ ಕೂಸು.
ಮಂಗಳವಾರ ಅವನ ಗೂಡು ಬೇಯಿಸುವ ಬಾಣಲೆಗೆ
ಯಾರೋ ಮಣ್ಣು ಸುರಿದು ಹೋದರು.

ಅಟ್ಟದಿಂದ ಯಂತ್ರ ಇಳಿಸಿದೆ.
ಅದರ 'ಳ' ಹುಟ್ಟಾ ತುಂಟ, ಸಾಲಿನಿಂದ ಅರ್ಧ ಕಾಳು ಮೇಲೆ ನೆಗೆಯುತ್ತದೆ.
ಸಾಕ್ಷಿಗೆ ಅಷ್ಟು ಸಾಕು ಅಂದುಕೊಂಡು
ತಳ್ಳುಗಾಡಿಯಲ್ಲಿಟ್ಟು ಮಾರುಕಟ್ಟೆಗೆ ಒಯ್ದೆ,
ಹರಾಜು ಮುಗಿದು ಪ್ಯೂಪದ ವಾಸನೆ ಮಾತ್ರ ಉಳಿದ ಹೊತ್ತು.
ಎಲ್ಲರೆದುರು ಹೊಡೆದೆ: ಏಳು ಜನ.
'ಳ' ನೆಗೆಯಿತು.
ಜೆರಾಕ್ಸು ಪಕ್ಕಕ್ಕಿಟ್ಟರು. ತಾಳೆಯಾಯಿತು.
ಗೆದ್ದೆ ಅಂದುಕೊಂಡೆ.

ಹಿಂದಿನಿಂದ ಒಬ್ಬ ಹುಡುಗ, ಸಿಟ್ಟಿಲ್ಲ, ವಿನಯದಲ್ಲೇ:
"ಹಂಗಾದ್ರೆ ಆ ರಾತ್ರಿ ಬರ್ಕೊಂಡೋರು ನೀವೇ."
ಬರ್ಕೊಂಡಿದ್ದಲ್ಲಪ್ಪ, ಕಟ್ಟಿದ್ದು. ತಮಾಷೆಗೆ.
ಮೂರನೇ ಠರಾವು ಕೇಳು, ಕಾಫಿಗೆ ಸಕ್ಕರೆ ಕಡಿಮೆ ಅಂತ...

ಗುಂಪು ಗಪ್‌ಚಿಪ್.
"ಸಕ್ಕರೆ ಕಡ್ಮೆ ಇದ್ದಿದ್ದು
ಕುಡ್ದೋನಿಗಲ್ದೆ ಇನ್ಯಾರಿಗೆ ಗೊತ್ತಿರತ್ತೆ ಸಾರ್?"

ಬಾಬಾಜಾನನ ಬಾಣಲೆಯಲ್ಲಿ ಈಗ ಮತ್ತೆ ನೀರು ಕುದಿಯುತ್ತದೆ.
ಅಷ್ಟರಮಟ್ಟಿಗೆ ಜಾಗ ತುಂಬಿದ್ದು ಒಳ್ಳೆಯದೇ.
ಬೆಳಿಗ್ಗೆ ಲಲಿತಾಂಬ ಲೋಟ ತಂದಿಡುತ್ತಾಳೆ.
ಒಂದು ಗುಟುಕು.
ಸಕ್ಕರೆ ಕಡಿಮೆ.
ಹೇಳುವುದಿಲ್ಲ. ಗವಾಕ್ಷಿ ತೆರೆದಿದೆ.