ಬಾಗಿಲ ಬಡೀತು

ವ್ಯಾನಿನ ಹಿಂದಿನ ಬಾಗಿಲಿಗಿ ಎರಡು ಕೈ ಅವ,
ಕರ್ರಗ, ಸಣ್ಣ ಕೊಳವಿ ಹಂಗ; ಒಳಗ ಗಾಳಿ ತುಂಬಿರ್ತದ.
ಬ್ಯಾಸಗಿ ಬಿಸಲಿಗಿ ಆ ಗಾಳಿ ಉಬ್ಬಿ
ಬಾಗಿಲ ಮ್ಯಾಲ ಹಾರಿ ನಿಂತೇ ಬಿಡ್ತದ.
ಥಂಡ್ಯಾಗ ಮುದುಕರಾಗ್ತಾವ ಅವು.
ಇದು ನನಗ ಮೌಲಾಲಿ ಹೇಳಿದ್ದು, ಆಮ್ಯಾಲ.
ಮೊದಲ ಯಾರೂ ಹೇಳಿರಲಿಲ್ಲ.

ಎಳ್ಳಮಾಸಿ ಮುಂಜಾನಿ, ನಾಕೂವರಿ,
ಸಜ್ಜಿ ರೊಟ್ಟಿ ಎರಡು ಸಾವಿರ, ಕಡಕ್ ಜ್ವಾಳದ್ದು ಎಂಟ್ನೂರು,
ಬಜ್ಜಿ ಡಬ್ಬಿ ಬ್ಯಾರೆ.
ಬ್ರಹ್ಮಪುರದ ಓಣ್ಯಾಗ ನಾವು ಐದು ಮಂದಿ ಹೆಂಗಸರು
ಬೀಡಿ ಸೇದಿದಂಗ ಉಸಿರು ಬಿಡಲಾಕತ್ತಿದ್ದೆವು.
ಕಡೀ ಬುಟ್ಟಿ ಒಳಗ ತಳ್ಳಿ ನಾ ತೆಲಿ ಎತ್ತಿದ್ದಕ್ಕೂ
ಬಾಗಿಲ ಇಳಿದಿದ್ದಕ್ಕೂ ಸರಿಹೋಯ್ತು.
ಕೊಂಡಿ ಇರ್ತದಲ್ಲ, ನಡುವ, ಕಬ್ಬಿಣದ್ದು,
ಅದೇ.

ಸಪ್ಪಳ ನನಗ ಕೇಳಲಿಲ್ಲ. ಕಸ್ತೂರಿಗಿ ಕೇಳಿತಂತ,
ಹಸಿ ಕುಂಬಳಕಾಯಿ ಕಲ್ಲಿಗಿ ಬಿದ್ದಂಗ.
ರೊಟ್ಟಿ ಮ್ಯಾಲ ರಕ್ತ ಬೀಳಬಾರ್ದಂತ
ಸೆರಗು ಒತ್ತಿ ಹಿಡದು ಹಿಂದ ಸರದೆ.
ಅಷ್ಟು ಖಬರು ಇತ್ತು.

ದೊಡ್ಡ ದವಾಖಾನ್ಯಾಗ ಸಣ್ಣ ವಯಸ್ಸಿನ ಡಾಕ್ಟರು, ನಿದ್ದಿಗಣ್ಣು.
"ಏನಾಯ್ತು?"
"ಬಾಗಿಲ ಬಡೀತ್ರೀ."
ಅಕಿ ದಾರ ಪೋಣಿಸೂದು ನಿಂತಿತು.
ನನ್ನ ಕೈ ನೋಡಿದಳು, ಕುತ್ತಿಗಿ ನೋಡಿದಳು,
ತೋಳಿನ ಸುಟ್ಟ ಕಲೆ ನೋಡಿದಳು. ಹಂಚಿಂದು ಅದು.
"ಯಾವ ಬಾಗಿಲ?"
"ವ್ಯಾನಿಂದು."
"ಮನ್ಯಾಗ ಎಲ್ಲಾ ಆರಾಮ?"
"ಮನ್ಯಾಗಿನ ಮನುಷ್ಯ ತೀರಿ ಒಂಬತ್ತು ವರ್ಷ ಆಯ್ತವ್ವ."
ನಕ್ಕೆ. ನಕ್ಕಿದ್ದಕ್ಕ ಗಾಯ ಬಾಯಿ ತೆರೀತು.
ನಾಕು ಹೊಲಿಗಿ. ಹೊರಗ ಬರೂವಾಗ ನರ್ಸ್ ಬಾಯಿ
ಗೋಳಿ ಚೀಟಿ ಸಂಗಟ ಇನ್ನೊಂದು ಮಡಚಿ ಕೊಟ್ಟಳು,
ಬರೇ ಒಂದು ಫೋನ್ ನಂಬರು. ಹೆಸರಿಲ್ಲ.

ಆಟೋದಾಗ ಕಸ್ತೂರಿ ನನ್ನ ಬಾಜೂ ಕುಂತಿದ್ದಳು.
ಏಳು ವರ್ಷದಾಗ ಅಕಿಗಿ ಎಷ್ಟು ಸಲ ಬಾಗಿಲ ಬಡದದ!
ಹುಬ್ಬಿಗಿ ಒಮ್ಮಿ, ಗದ್ದಕ್ಕ ಒಮ್ಮಿ,
ಒಂದ್ಸಲ ತೊಗರಿ ರಾಶಿಗಿ ಹ್ವಾದಾಗ,
ಬಾಗಿಲೇ ಇಲ್ಲದ ಹೊಲದಾಗ.
ನಾವು ಹಿಟ್ಟು ನಾದಕೋತ ಕೇಳಿದೆವು,
"ನೋಡಿ ನಡೀಬಾರ್ದೇನ" ಅಂದೆವು.
ನಾನೇ ಅಂದೀನಿ.
ಚೀಟಿ ನನ್ನ ಮುಟಗ್ಯಾಗ ಬೆವತಿತ್ತು.
ಕೊಡಲ್ಯಾ ಬ್ಯಾಡಾ ಅನ್ನೂದ್ರಾಗ ಜಗತ್ ಸರ್ಕಲ್ ಬಂತು.
"ಗೋಳಿ ಚೀಟಿ ಕೊಡು, ನಾ ಇಟ್ಕೋತೀನಿ" ಅಂದಳು.
ಎರಡೂ ಕೊಟ್ಟೆ.

ಈಗ ನಮ್ಮ ವ್ಯಾನಿಗಿ ಕಾಯ್ದೆ ಬಂದಾವ.
ಹೊಸ ಕೈ ಹಾಕ್ಸಲಾಕ ಎರಡು ಸಾವಿರದ ನಾನೂರು ಅಂತ,
ಸಂಕ್ರಾಂತಿ ಆದಮ್ಯಾಲ ನೋಡೂಣು.
ಅಲ್ಲೀತನಾ ಬಿದಿರ ಕೋಲು.
ಕೊಂಡಿಗಿ ಹಳೀ ಹವಾಯಿ ಚಪ್ಪಲಿ ಕೊಯ್ದು ಕಟ್ಟೀವಿ.
ಚಪ್ಪಲಿ ತೆಲಿ ಮ್ಯಾಲಾ? ಅಂತ ಗುಂಡಮ್ಮತ್ತಿ ಸಿಟ್ಟಾದ್ರು,
ಕಬ್ಬಿಣಕಿಂತ ಚಪ್ಪಲಿ ಚಲೋ ಅಂದೆ.
ಅಂಚಿಗಿ ಅರಿಷಿಣ ಬಣ್ಣದ ಟೇಪು.
ಬುಟ್ಟಿ ಇಟ್ಟವರು ಇದ್ದಲ್ಲೇ ಏಳಬಾರ್ದು,
ಬಗ್ಗೇ ಹಿಂದ ಒಂದು ಹೆಜ್ಜಿ, ಆಮ್ಯಾಲ ನೆಟ್ಟಗ.
ಬಾಗಿಲ ಇಳಿಸಾವರು "ತೆಲಿ!" ಅಂತ ಕೂಗಬೇಕು,
ಉಳದವರು "ಹೂಂ" ಅನಬೇಕು.
ಓಣಿ ಹುಡುಗರು ಕಲ್ತು ಬಿಟ್ಟಾವ,
ನಾವು ಕಂಡ್ರ ಸಾಕು, ತೆಲಿ ತೆಲಿ.

ಬಿದಿರ ಕೋಲು ತಂದಾಕಿ ಕಸ್ತೂರಿ.
ಎಲ್ಲಿಂದ ಅಂತ ನಾವು ಕೇಳಿಲ್ಲ.
ಒಂದು ತುದಿಗಿ, ಕೈ ಹಿಡದು ಹಿಡದು, ನುಣುಪಾಗ್ಯದ.
ದಿನಾ ಮುಂಜಾನಿ ಅದನ್ನ ಆನಿಸಿ ನಿಲ್ಲಿಸ್ತಾಳ,
ಒಮ್ಮಿ ಅಲುಗಾಡ್ಸಿ ನೋಡ್ತಾಳ,
ಆಮ್ಯಾಲೇ ನಮ್ಮನ್ನ ಕರೀತಾಳ.

ಈ ವಾರ ಅಕಿ ರಾತ್ರಿನೂ ಇಲ್ಲೇ, ಹಿಟ್ಟಿನ ಕೋಣ್ಯಾಗ,
ಮಗಳ ಸಂಗಟ ಮಲಗಲಾಕತ್ಯಾಳ,
ಕೋಲು ಒಳಗ ತೊಗೊಂಡು,
ಒಳಗಿಂದ ಬಾಗಿಲಿಗಿ ಆನಿಸಿ.